ಕೋವಿಡ್ ಕಾಲದ ಹೆರಿಗೆ ದಾಖಲೆಗಳಿಂದ ಪ್ರೌಢಪ್ರಬಂಧ: ನನ್ನ ವಿಧಾನ ಸರಿಯೇ?

ಪ್ರಶ್ನೆ: ಮಂಡ್ಯದ ನರ್ಸಿಂಗ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಪ್ರಸೂತಿ ಶುಶ್ರೂಷೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಂಡು ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. 2020ರ ಜೂನ್‌ನಿಂದ 2021ರ ಡಿಸೆಂಬರ್‌ವರೆಗೆ ಜಿಲ್ಲೆಯ ಒಂದು ಆಸ್ಪತ್ರೆಗೆ ದಾಖಲಾದ ಗರ್ಭಿಣಿಯರು ಮತ್ತು ಬಾಣಂತಿಯರ ಮೇಲೆ ಕೊರೊನಾ ಸೋಂಕು ಏನು ಪರಿಣಾಮ ಬೀರಿತೆಂಬುದನ್ನು ಹಳೆಯ ಕೇಸ್ ಶೀಟ್‌ಗಳಿಂದ ತಿಳಿಯಬೇಕೆಂಬುದು ನನ್ನ ಉದ್ದೇಶ. ಹೆರಿಗೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ‘ಪಾಸಿಟಿವ್’ ಎಂದು ಬರೆದಿರುವ ಹೆಸರುಗಳನ್ನೆಲ್ಲ ಆರಿಸಿ, ಅವರಲ್ಲಿ ಎಷ್ಟು ಮಂದಿಗೆ ಸಿಸೇರಿಯನ್ ಆಯಿತು, ಎಷ್ಟು ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು ಎಂದು ಶೇಕಡಾವಾರು ಲೆಕ್ಕ ಹಾಕುವುದು ನಾನು ಮಾಡಿಕೊಂಡಿರುವ ಯೋಜನೆ. ಆದರೆ ಯೋಜನೆ ಮಂಡಿಸಿದ ದಿನ ಹಿರಿಯ ಅಧ್ಯಾಪಕರೊಬ್ಬರು, ‘ಇದರಿಂದ ಸೋಂಕಿನ ಪರಿಣಾಮ ಹೇಗೆ ತಿಳಿಯುತ್ತದಮ್ಮ?’ ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಬಾಣಂತಿ ಎಂದರೆ ಹೆರಿಗೆಯಾಗಿ ಎಷ್ಟು ದಿನದವರೆಗೆ ಎಂಬುದರಲ್ಲಿಯೂ ಗೊಂದಲವಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಪ್ರಸೂತಿ ವೈದ್ಯ, ಮೈಸೂರು

ನಿಮ್ಮ ಅಧ್ಯಾಪಕರ ಪ್ರಶ್ನೆ ಸರಿಯಾಗಿಯೇ ಇದೆ. ಕೆಂಪು ಶಾಯಿಯ ಹೆಸರುಗಳನ್ನು ಎಣಿಸುವ ಮೊದಲು, ಪ್ರತಿಯೊಬ್ಬ ತಾಯಿಯನ್ನೂ ಯಾವ ಕಾರಣಕ್ಕೆ ಪರೀಕ್ಷೆ ಮಾಡಿದರು ಎಂಬುದನ್ನು ಕೇಸ್ ಶೀಟಿನಲ್ಲಿ ಹುಡುಕಿರಿ. ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಬಂದು ಪಾಸಿಟಿವ್ ಆದವರೂ, ಹೆರಿಗೆ ನೋವಿನಿಂದ ಬಂದಾಗ ವಾಡಿಕೆಯ ಸ್ವಾಬ್‌ನಲ್ಲಿ ಪಾಸಿಟಿವ್ ಎಂದು ಗೊತ್ತಾದವರೂ ಒಂದೇ ಗುಂಪಿನವರಲ್ಲ. 2020ರ ಏಪ್ರಿಲ್‌ನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಕಂಟೈನ್‌ಮೆಂಟ್ ಪ್ರದೇಶಗಳಲ್ಲಿ ವಾಸಿಸುವ, ಐದು ದಿನಗಳೊಳಗೆ ಹೆರಿಗೆಯಾಗಬಹುದಾದ ಗರ್ಭಿಣಿಯರಿಗೆ ಲಕ್ಷಣಗಳಿಲ್ಲದಿದ್ದರೂ ಪರೀಕ್ಷೆ ಮಾಡಬೇಕೆಂದು ಸೂಚಿಸಿತ್ತು. ಹೀಗಾಗಿ ನಮ್ಮ ರಿಜಿಸ್ಟರುಗಳಲ್ಲಿ ಎರಡನೆಯ ಬಗೆಯವರು ಸಾಕಷ್ಟು ಇರುತ್ತಾರೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನಲ್ಲಿ 2020ರ ಮಾರ್ಚ್ 22ರಿಂದ ಏಪ್ರಿಲ್ 4ರವರೆಗೆ ಹೆರಿಗೆಗೆ ಬಂದ 215 ಮಂದಿಯನ್ನು ಲಕ್ಷಣ ಇದ್ದರೂ ಇಲ್ಲದಿದ್ದರೂ ತಪಾಸಣೆಗೆ ಒಳಪಡಿಸಿದಾಗ 33 ಮಂದಿಯಲ್ಲಿ ಸೋಂಕು ಕಂಡುಬಂದಿತು. ಅವರಲ್ಲಿ 29 ಮಂದಿಗೆ ದಾಖಲಾಗುವಾಗ ಯಾವ ಲಕ್ಷಣವೂ ಇರಲಿಲ್ಲ. ಸುಮಾರು ಅದೇ ಕಾಲದಲ್ಲಿ ಬ್ರಿಟನ್ನಿನ ಪ್ರಸೂತಿ ನಿಗಾ ವ್ಯವಸ್ಥೆಯು, ಆಸ್ಪತ್ರೆಗೆ ದಾಖಲಾದ 427 ಸೋಂಕಿತ ಗರ್ಭಿಣಿಯರ ವಿವರ ಸಂಗ್ರಹಿಸಿದಾಗ, ಸುಮಾರು ಹತ್ತರಲ್ಲಿ ಒಬ್ಬರಿಗೆ ಉಸಿರಾಟದ ನೆರವು ಬೇಕಾಗಿತ್ತು. ರೋಗ ಒಂದೇ ಆದರೂ ಬಾಗಿಲಲ್ಲಿ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರು ಎಂಬುದರ ಮೇಲೆ ಅದರ ಮುಖ ಬೇರೆಯಾಗಿ ಕಂಡಿತು.

ಸಿಸೇರಿಯನ್ ವಿಷಯದಲ್ಲಿಯೂ ಎಚ್ಚರ ಬೇಕು. ತಾಯಿಯ ಆಮ್ಲಜನಕ ಇಳಿಯುತ್ತಿದೆಯೆಂದು ವೈದ್ಯರೇ ನಿರ್ಧರಿಸಿ ಮಗುವನ್ನು ಬೇಗ ಹೊರತೆಗೆದಿದ್ದರೆ ಅದು ತಾನಾಗಿ ಆದ ಅವಧಿಪೂರ್ವ ಹೆರಿಗೆಯಲ್ಲ. ‘ಸಿಸೇರಿಯನ್‌ಗೆ ಕಾರಣ’ ಎಂಬ ಒಂದು ಕಲಂ ನಿಮ್ಮ ನಮೂನೆಯಲ್ಲಿ ಇರಲೇಬೇಕು. ಆ ದಿನಗಳಲ್ಲಿ ನಾವು ಕೆಲವು ಶಸ್ತ್ರಚಿಕಿತ್ಸೆಗಳನ್ನು ರೋಗಕ್ಕಿಂತ ನಮ್ಮ ಭಯದಿಂದ ಮಾಡಿದೆವು ಎಂಬ ಅನುಮಾನ ನನಗೆ ಈಗಲೂ ಇದೆ.

ಉತ್ತರ 2: ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕಿ

ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ: ಸೋಂಕಿಲ್ಲದ ತಾಯಂದಿರ ಗುಂಪು ನಿಮ್ಮ ಯೋಜನೆಯಲ್ಲಿ ಎಲ್ಲಿದೆ? ಸೋಂಕಿತರಲ್ಲಿ ಇಷ್ಟು ಮಂದಿಗೆ ಸಿಸೇರಿಯನ್ ಆಯಿತೆಂದರೆ, ಅದೇ ವಾರ ಅದೇ ವಾರ್ಡಿನಲ್ಲಿ ಹೆತ್ತ ಉಳಿದವರಲ್ಲಿ ಎಷ್ಟು ಎಂಬ ಪ್ರಶ್ನೆ ಏಳುವುದು ಸಹಜ. ಹದಿನೆಂಟು ದೇಶಗಳ 43 ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಇಂಟರ್‌ಕೋವಿಡ್ ಅಧ್ಯಯನದಲ್ಲಿ, ಒಬ್ಬ ಸೋಂಕಿತೆಗೆ ಸೋಂಕಿಲ್ಲದ ಇಬ್ಬರಂತೆ ಅದೇ ಸಮಯದಲ್ಲಿ ಅದೇ ಆಸ್ಪತ್ರೆಗೆ ಬಂದವರನ್ನು ಸೇರಿಸಿಕೊಂಡರು. 706 ಸೋಂಕಿತರು, 1,424 ಸೋಂಕಿಲ್ಲದವರು. ಈ ಹೋಲಿಕೆ ಇದ್ದುದರಿಂದಲೇ, ಸೋಂಕಿತರಲ್ಲಿ ಗರ್ಭನಂಜು (ಬಸುರಿನಲ್ಲಿ ರಕ್ತದೊತ್ತಡ ಏರಿ ಬರುವ ತೊಂದರೆ) ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚು ಎಂದು ಹೇಳಲು ಅವರಿಗೆ ಸಾಧ್ಯವಾಯಿತು. ನೀವೂ ರಿಜಿಸ್ಟರಿನಲ್ಲಿ ಪ್ರತಿ ಸೋಂಕಿತೆಯ ಹೆಸರಿನ ನಂತರ ಬರುವ ಇಬ್ಬರು ನೆಗೆಟಿವ್ ತಾಯಂದಿರನ್ನು ಆರಿಸಿಕೊಳ್ಳಬಹುದು. ಇದಕ್ಕೆ ಖರ್ಚಿಲ್ಲ, ಶ್ರಮ ಮಾತ್ರ.

ಎರಡು ಅಲೆಗಳನ್ನು ಬೆರೆಸಬೇಡಿ. ಮಹಾರಾಷ್ಟ್ರದ ಪ್ರೆಗ್‌ಕೋವಿಡ್ ನೋಂದಣಿಯ ಮಾಹಿತಿಯಂತೆ, ಮೊದಲ ಅಲೆಯ 1,143 ಗರ್ಭಿಣಿ–ಬಾಣಂತಿಯರಲ್ಲಿ ಲಕ್ಷಣವಿದ್ದವರು ಶೇ 14.2, ಮರಣ ಶೇ 0.7, ಎರಡನೆಯ ಅಲೆಯ 387 ಮಂದಿಯಲ್ಲಿ ಅವು ಕ್ರಮವಾಗಿ ಶೇ 28.7 ಮತ್ತು ಶೇ 5.7. ಇವೆರಡನ್ನೂ ಕೂಡಿಸಿ ಬರುವ ಸರಾಸರಿ ಯಾವ ಅಲೆಯನ್ನೂ ಹೇಳುವುದಿಲ್ಲ. ಗರ್ಭಿಣಿಯರಿಗೆ ಲಸಿಕೆ ಹಾಕಲು ಕೇಂದ್ರವು ಒಪ್ಪಿಗೆ ಕೊಟ್ಟದ್ದು 2021ರ ಜುಲೈ 2ರಂದು. ಆ ದಿನಾಂಕದ ನಂತರದವರ ಲಸಿಕೆಯ ವಿವರವನ್ನೂ ಬರೆದುಕೊಳ್ಳಿ.

ಹಳೆಯ ದಾಖಲೆಗಳಿಂದ ಏನಾದೀತು ಎಂದು ಅಳುಕಬೇಡಿ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿರುವುದು ತಿಳಿಯಿತು. ಹೆರಿಗೆ ಕೋಣೆಯಲ್ಲಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ತಪ್ಪದೆ ಬರೆದಿಟ್ಟವರಿಗೆ ಇದಕ್ಕಾಗಿ ಬರೆಯುತ್ತಿದ್ದೇವೆಂಬ ಕಲ್ಪನೆಯೂ ಇದ್ದಿರಲಾರದು.

ಉತ್ತರ 3: ನಿವೃತ್ತ ಆರೋಗ್ಯ ಸಹಾಯಕಿ, ಮಳವಳ್ಳಿ ಕಡೆ

ತಂಗಿ, ಅಧ್ಯಯನದ ಲೆಕ್ಕಾಚಾರ ನನಗೆ ತಿಳಿಯದು. ರಿಜಿಸ್ಟರು ಹೇಗೆ ತುಂಬುತ್ತಿತ್ತೆಂಬುದು ಮಾತ್ರ ಗೊತ್ತು. ಬಾಣಂತನವನ್ನು ನಮ್ಮ ಮನೆಗಳಲ್ಲಿ ಮೂರು ತಿಂಗಳು, ಐದು ತಿಂಗಳು ಎನ್ನುತ್ತಾರೆ. ಇಲಾಖೆಯ ಲೆಕ್ಕಕ್ಕೆ ಹೆರಿಗೆಯಾದ 42 ದಿನಗಳವರೆಗೆ. ನೀವು ಎರಡನೆಯದನ್ನೇ ಹಿಡಿಯಿರಿ.

ಇನ್ನೊಂದು ಮಾತು. ನಮ್ಮೂರಿನ ಸೊಸೆ ಇಲ್ಲಿ ತಾಯಿ ಕಾರ್ಡ್ ಮಾಡಿಸಿ, ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತಿ. ನರಸೀಪುರದ ತವರಿಗೆ ಹೋಗಿ, ಮೈಸೂರಿನಲ್ಲಿ ಹೆತ್ತರೆ, ಅವಳ ಮೂರನೆಯ ತಿಂಗಳ ಜ್ವರ ನಿಮ್ಮ ಕೇಸ್ ಶೀಟಿನಲ್ಲಿ ಇರುವುದೇ ಇಲ್ಲ. ಪಾಸಿಟಿವ್ ಬಂದವರನ್ನು ಕೋವಿಡ್‌ಗೆ ಗೊತ್ತುಪಡಿಸಿದ ಆಸ್ಪತ್ರೆಗೆ ಕಳುಹಿಸುತ್ತಿದ್ದುದರಿಂದ ಒಂದೇ ಹೆಸರು ಎರಡು ಕಡೆ ಬಂದಿರಬಹುದು. ತಾಯಿ ಕಾರ್ಡಿನ ಸಂಖ್ಯೆಯಿಂದ ತಾಳೆ ನೋಡಿರಿ. ಹೆಸರಿನಿಂದ ನೋಡಿದರೆ ನಮ್ಮ ಕಡೆ ‘ಸೌಮ್ಯ’ ಎಂಬುವರೇ ಒಂದು ಪುಟ ತುಂಬುತ್ತಾರೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಶೀರ್ಷಿಕೆಯಲ್ಲಿದ್ದ ‘ಪರಿಣಾಮ’ ಎಂಬ ಪದವನ್ನು ತೆಗೆದು, ‘ದಾಖಲಾಗುವಾಗ ಸೋಂಕು ಪತ್ತೆಯಾದ ತಾಯಂದಿರ ಮತ್ತು ಪತ್ತೆಯಾಗದವರ ಹೆರಿಗೆಯ ಹೋಲಿಕೆ’ ಎಂದು ಬದಲಿಸಿದ್ದೇನೆ. ನಮ್ಮ ಮಾರ್ಗದರ್ಶಕರು, ಆ ತಾಯಂದಿರನ್ನು ಈಗ ಕರೆಸಿ ರಕ್ತದಲ್ಲಿ ಪ್ರತಿಕಾಯ ನೋಡಿದರೆ ಬಿಟ್ಟುಹೋದ ಸೋಂಕುಗಳೂ ಸಿಗುತ್ತವಲ್ಲ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ 2ರ ಅಧ್ಯಾಪಕಿ

ಈಗ ಅದರಿಂದ ಪ್ರಯೋಜನವಿಲ್ಲ. ಪ್ರತಿಕಾಯ ಇದ್ದರೂ ಸೋಂಕು ತಗುಲಿದ್ದು ಬಸುರಿನಲ್ಲಿಯೋ ಆಮೇಲೋ ಎಂದು ಅದು ಹೇಳದು. ಕೋವಿಶೀಲ್ಡ್ ಹಾಕಿಸಿಕೊಂಡವರಲ್ಲಿ ವೈರಾಣುವಿನ ಮುಳ್ಳಿನ ಪ್ರೋಟೀನಿಗೆ ಮಾತ್ರ ಪ್ರತಿಕಾಯ ಹುಟ್ಟುವುದರಿಂದ, ಒಳಗಿನ ಪ್ರೋಟೀನಿನ ಪ್ರತಿಕಾಯ ನೋಡಿ ನಿಜವಾದ ಸೋಂಕನ್ನು ಬೇರ್ಪಡಿಸುವ ಉಪಾಯವೊಂದು ಇತ್ತು. ಆದರೆ ಕೋವ್ಯಾಕ್ಸಿನ್ ಇಡೀ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆಯಾದ್ದರಿಂದ ಅದನ್ನು ಪಡೆದವರಲ್ಲಿ ಸೋಂಕಿಲ್ಲದೆಯೂ ಒಳಗಿನ ಪ್ರೋಟೀನಿಗೆ ಪ್ರತಿಕಾಯ ಹುಟ್ಟಬಹುದು; ಆ ಉಪಾಯವೂ ಕೆಡುತ್ತದೆ. ಕೇಸ್ ಶೀಟುಗಳಿಗೆ ಮಾತ್ರ ಸೀಮಿತರಾಗಿ, ಹೆಸರು, ವಿಳಾಸ ತೆಗೆದು ಸಂಕೇತ ಸಂಖ್ಯೆ ಕೊಟ್ಟರೆ, ಪ್ರತಿಯೊಬ್ಬರ ಸಮ್ಮತಿ ಪಡೆಯುವುದರಿಂದ ವಿನಾಯಿತಿ ಕೊಡುವಂತೆ ಸಾಂಸ್ಥಿಕ ನೈತಿಕ ಸಮಿತಿಯನ್ನು ಕೇಳಲು ಅವಕಾಶವಿದೆ. ಅರ್ಜಿಯನ್ನು ಮಾಹಿತಿ ಸಂಗ್ರಹ ಆರಂಭಿಸುವ ಮೊದಲೇ ಕೊಡಿ. ಆಮೇಲೆ ಕೊಟ್ಟರೆ ಸಮಿತಿಯವರು ಒಪ್ಪುವುದಿಲ್ಲ.