ಹವ್ಯಾಸಿ ಸಂಘ ತಿರುಗಾಟದ ಮೇಳವಾಗಬಹುದೇ? ಲೆಕ್ಕ ಬಲ್ಲವರು ಹೇಳಿ

ಪೆರ್ಲದ ಕಾರ್ಯದರ್ಶಿ:

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಹವ್ಯಾಸಿ ಯಕ್ಷಗಾನ ಸಂಘ, ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯದು. ಮಕ್ಕಳಿಗೆ ನಾಟ್ಯ ತರಗತಿ, ಮಳೆಗಾಲದಲ್ಲಿ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆ, ಬೇಸಗೆಯಲ್ಲಿ ಗೃಹಪ್ರವೇಶ, ಉಪನಯನ, ಜಾತ್ರೆ ಎಂದು ಅಲ್ಲಲ್ಲಿ ಆಟ. ವೇಷಭೂಷಣ ಬಾಡಿಗೆಯದು. ಕಳೆದ ಮಹಾಸಭೆಯಲ್ಲಿ ಹುಡುಗರು ಎದ್ದು ನಿಂತು, ಮುಂದಿನ ದೀಪಾವಳಿಯ ಬಳಿಕ ರಾತ್ರಿಯಿಡೀ ಆಡದೆ ಕೆಲವೇ ಗಂಟೆಗಳಲ್ಲಿ ಆಟ ಮುಗಿಸುವ ಕಾಲಮಿತಿಯ ಮೇಳ ಕಟ್ಟಿ, ಮೇಳಗಳು ಗೆಜ್ಜೆ ಬಿಚ್ಚುವ ದಿನವಾದ ಪತ್ತನಾಜೆಯವರೆಗೆ ಊರೂರು ತಿರುಗಾಟ ಮಾಡೋಣ ಎಂದರು. ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಯಾರೂ ಖಜಾಂಚಿಯಾಗಲು ಒಪ್ಪಲಿಲ್ಲ ಎಂಬುದು ಬೇರೆ ಮಾತು. ಊರಿನ ಅಡಿಕೆ ವ್ಯಾಪಾರಿಯೊಬ್ಬರು ಹಣ ಹಾಕಲು ಸಿದ್ಧರಿದ್ದಾರೆ. ಒಂದು ಆಟಕ್ಕೆ ಆಡಿಸುವವರಿಂದ ಪಡೆಯುವ ಹಣ, ಅಂದರೆ ವೀಳ್ಯ, ಎಷ್ಟು ಹೇಳಬೇಕು? ವೇಷಭೂಷಣ ಸ್ವಂತ ಮಾಡಿಕೊಳ್ಳಬೇಕೇ? ಮೇಳದ ಯಜಮಾನಿಕೆ ಸಂಘದ್ದೋ, ಹಣ ಹಾಕಿದವರದೋ?

ಕುಂಬಳೆಯವನು:

ಖಂಡಿತ ಹೊರಡಿ. ಕರ್ನಾಟಕದ ಯಕ್ಷಗಾನ ಅಕಾಡೆಮಿ ಕೊಡುವ ದೊಡ್ಡ ಪ್ರಶಸ್ತಿಗೆ ಇರುವ ಹೆಸರು ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನದು. 1956ರಲ್ಲಿ ನೆಲ ಕೇರಳಕ್ಕೆ ಹೋಯಿತು, ಆಟ ಹೋಗಲಿಲ್ಲ. ಇಲ್ಲಿ ಕನ್ನಡ ಉಳಿಯುವುದಿದ್ದರೆ ರಂಗಸ್ಥಳದಲ್ಲಿಯೇ.

ಹಳೆಯ ಮೆನೇಜರ್, ಬದಿಯಡ್ಕ:

ಅಭಿಮಾನದಿಂದ ವ್ಯಾನಿಗೆ ಡೀಸೆಲ್ ತುಂಬುವುದಿಲ್ಲ ಮಾರಾಯರೇ. ನಾನು ಮೊದಲು ಟಿಕೆಟ್ ಇಟ್ಟು ಆಡುವ ಡೇರೆ ಮೇಳದಲ್ಲೂ ಆಮೇಲೆ ಬಯಲಾಟದ ಮೇಳದಲ್ಲೂ ಲೆಕ್ಕ ನೋಡಿಕೊಂಡವನು. ನಿಮ್ಮ ಹುಡುಗರ ಕಣ್ಣು ಆಟವಿರುವ ರಾತ್ರಿಗಳ ಮೇಲಿದೆ. ಮೇಳವನ್ನು ಮುಳುಗಿಸುವುದು ಆಟವಿಲ್ಲದ ರಾತ್ರಿಗಳು.

ನವೆಂಬರ್ ನಡುವಿನಿಂದ ಮೇ 24ರ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಸುಮಾರು 190 ರಾತ್ರಿಗಳು. ಹಿಮ್ಮೇಳದ ಹಾಡುಗಾರರು ಮತ್ತು ವಾದಕರು, ಮುಮ್ಮೇಳದ ವೇಷಧಾರಿಗಳು, ನೇಪಥ್ಯದವರು, ಚಾಲಕ, ಅಡುಗೆಯವರು ಎಲ್ಲರ ಸಂಬಳ ದಿನಕ್ಕೆ 35,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಯಾವ ಮೇಳದ್ದೂ ಅಲ್ಲ. ಆಟವಿದ್ದ ದಿನ ಡೀಸೆಲ್, ಊಟ, ರಂಗಸ್ಥಳಕ್ಕೆ ಇನ್ನು 12,000. ಕೂಡಿಸಿದರೆ 47,000, ಹಾಗಾಗಿ 50,000 ವೀಳ್ಯ ಹೇಳಿದರೆ ಲಾಭ ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ 120 ಆಟ ಮಾತ್ರ ಸಿಕ್ಕಿತೆನ್ನಿ. ಸೀಸನ್ ಸಂಬಳಕ್ಕೆ ಒಪ್ಪಿಸಿದ ಮೇಲೆ ಸಂಬಳ 190 ದಿನಕ್ಕೂ ಕೊಡಬೇಕು: 66,50,000. ಆಟದ ಖರ್ಚು 14,40,000. ಒಟ್ಟು 80,90,000 ರೂಪಾಯಿ. ಅಂದರೆ ಒಂದು ಆಟ ಬೀಳುವುದು 67,000ಕ್ಕೂ ಮೇಲೆ. 50,000ಕ್ಕೆ ಆಡಿದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವಾಗ 20 ಲಕ್ಷ ಸಾಲ.

ಹರಕೆಯ ಮೇಳಗಳನ್ನು ನೋಡಿ ಹೊರಡಬೇಡಿ. ಕಟೀಲಿನ ಆಟಕ್ಕೆ ಜನ ವರ್ಷಗಟ್ಟಲೆ ಸರದಿ ಕಾಯುತ್ತಾರೆ, ಏಕೆಂದರೆ ಅದು ದೇವಿಗೆ ಹೇಳಿಕೊಂಡ ಮಾತು. ನಿಮ್ಮ ಸಂಘಕ್ಕೆ ಯಾರೂ ಹರಕೆ ಹೇಳಿಕೊಳ್ಳುವುದಿಲ್ಲ. ಅದೂ ಅಲ್ಲದೆ ನಮ್ಮ ಜಿಲ್ಲೆಯಲ್ಲಿ ತೆಯ್ಯಂನ ಕಳಿಯಾಟ, ಭೂತಕೋಲ, ಜಾತ್ರೆ ಎಲ್ಲವೂ ಇದೇ ತಿಂಗಳುಗಳಲ್ಲಿ. ಕುಂಬಳೆ ಜಾತ್ರೆಯ ಬೆಡಿಯ (ಸುಡುಮದ್ದಿನ) ರಾತ್ರಿ ಆ ಸುತ್ತಿನಲ್ಲಿ ನಿಮ್ಮ ಚೆಂಡೆ ಕೇಳುವವರು ಯಾರು?

ಇನ್ನು ಮುಂಗಡ. ಜೂನ್ ಬಂತೆಂದರೆ ಮಕ್ಕಳ ಫೀಸು, ಸೋರುವ ಮಾಡು ಎಂದು ಕಲಾವಿದರು ಕೇಳುತ್ತಾರೆ; ಅವರು ಕೇಳುವುದು ನ್ಯಾಯವೇ. ಆದರೆ ಒಂದೇ ಒಂದು ವೀಳ್ಯ ಬರುವ ಮೊದಲು ಕೈಬಿಡುವ ದುಡ್ಡು ಅದು. ವ್ಯಾಪಾರಿಗಳ ಹಣ ಅಲ್ಲಿಗೇ ಸರಿಹೋಗುತ್ತದೆ. ಅವರು ಯಜಮಾನರಾಗುವುದಿದ್ದರೆ ನಷ್ಟವೂ ಅವರದೇ ಎಂದು ಬರೆಸಿಕೊಳ್ಳಿ. ಒಪ್ಪದಿದ್ದರೆ ಅವರು ದಾನಿ: ಕರಪತ್ರದಲ್ಲಿ ಹೆಸರು, ಸಭೆಯಲ್ಲಿ ಶಾಲು. ಯಾವ ವೇಷ ಯಾರಿಗೆ ಎಂದು ಹೇಳಲು ಮಾತ್ರ ಬಣ್ಣ ಹಚ್ಚುವ ಚೌಕಿಗೆ ಬರಬಾರದು. ಅದು ಹಾಡಿ ಆಟ ನಡೆಸುವ ಭಾಗವತರ ಕೆಲಸ.

ನನ್ನನ್ನು ಕೇಳಿದರೆ, ಮೊದಲ ವರ್ಷ ವಾರಾಂತ್ಯದ ಆಟ ಮಾತ್ರ ಹಿಡಿಯಿರಿ, ಆಟಕ್ಕಿಷ್ಟು ಎಂದು ಸಂಭಾವನೆ ಕೊಡಿ. ದಗಲೆ (ಅಂಗಿ), ಬಾಲ್‌ಮುಂಡು ಮೊದಲಾದ ಉಡುಗೆ, ಗೆಜ್ಜೆ ಸ್ವಂತ ಇರಲಿ. ಬೆವರು ಹಿಡಿದದ್ದನ್ನು ಬಾಡಿಗೆಗೆ ತಂದು ಉಡುವ ಸಂಕಟವಾದರೂ ತಪ್ಪುತ್ತದೆ. ರಾಕ್ಷಸರ, ಅಂದರೆ ಬಣ್ಣದ ವೇಷದ ಕಿರೀಟ ಬಾಡಿಗೆಗೇ ಸಾಕು.

ಮಂಜೇಶ್ವರದ ಖಜಾಂಚಿ:

ನಾನು ನಾಟಕದ ಸಂಘದವಳು, ಆದರೆ ಕಾಗದಪತ್ರ ಎಲ್ಲರಿಗೂ ಒಂದೇ. ಸಂಘ ನೋಂದಣಿಯಾಗದಿದ್ದರೆ ಮೊದಲು ಅದನ್ನು ಮಾಡಿಸಿ. ಮಲಬಾರಿಗೆ ಸೇರಿದ ನಮ್ಮ ಜಿಲ್ಲೆಗೆ ಅನ್ವಯಿಸುವುದು 1860ರ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ ಏಳು ಮಂದಿ ಬೇಕು. ತಿರುವಾಂಕೂರು–ಕೊಚ್ಚಿ ಕಡೆಯ 1955ರ ಕಾಯ್ದೆಯ ನಮೂನೆ ತಂದು ತುಂಬಿಸಬೇಡಿ.

ಟಿಕೆಟ್ ಇಟ್ಟು ಆಡಿಸುವುದಾದರೆ ತಲೆಗೆ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. ಜಾನಪದ, ಶಾಸ್ತ್ರೀಯ ಕಲಾವಿದರ ಸಂಭಾವನೆಗೂ ಒಂದು ಪ್ರದರ್ಶನಕ್ಕೆ 1.5 ಲಕ್ಷದವರೆಗೆ ವಿನಾಯಿತಿ ಇದೆ. ಸಂಘದ ಹೆಸರಿನಲ್ಲಿ ಬಿಲ್ ಮಾಡುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ಧ್ವನಿವರ್ಧಕಕ್ಕೆ 2000ದ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ. ಠಾಣೆಯ ಅನುಮತಿ ತರುವುದು ಆಟ ಆಡಿಸುವವರ ಹೊಣೆ ಎಂದು ವೀಳ್ಯದ ಚೀಟಿಯಲ್ಲೇ ಬರೆಯಿರಿ. ಏಪ್ರಿಲಿನ ಗುಡುಗು ಮಳೆಗೆ ಆಟ ನಿಂತರೆ ಎಷ್ಟು ಕೊಡಬೇಕು ಎಂಬುದನ್ನೂ ಬರೆಯಿರಿ. ಇಲ್ಲವಾದರೆ ನೆನೆದ ರಂಗಸ್ಥಳದ ಎದುರು ನಿಂತು ಜಗಳವಾಡಬೇಕಾಗುತ್ತದೆ.

ಪೆಟ್ಟಿಗೆ ಹೇರುವ ಗೂಡ್ಸ್ ಗಾಡಿಯ ಹಿಂದೆ ಕಲಾವಿದರನ್ನು ಕೂರಿಸಬೇಡಿ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ಆಟಗಳಿದ್ದರೆ ಪರವಾನಗಿಯನ್ನೂ ನೋಡಿಕೊಳ್ಳಿ.

ಪೆರ್ಲದ ಕಾರ್ಯದರ್ಶಿ:

ಇಬ್ಬರಿಗೂ ವಂದನೆಗಳು. 80 ಲಕ್ಷದ ಅಂಕಿ ಓದಿ ಹೇಳಿದಾಗ ಹುಡುಗರು ಸ್ವಲ್ಪ ಮೆತ್ತಗಾದರು. ವಾರಾಂತ್ಯದ ಆಟಕ್ಕೆ ಒಪ್ಪಿದ್ದಾರೆ. ಒಂದು ಅನುಮಾನ: ಕೇಳುವವರೆಲ್ಲ ದೇವಿ ಮಹಾತ್ಮೆಯನ್ನೇ ಕೇಳುತ್ತಾರೆ, ಜೊತೆಗೆ ಹೆಸರಾಂತ ಅತಿಥಿ ಕಲಾವಿದರು ಬೇಕು ಎನ್ನುತ್ತಾರೆ. ಒಂದೇ ದಿನ ಎರಡು ಕಡೆ ಹಿಡಿಯಬಹುದೇ?

ಹಳೆಯ ಮೆನೇಜರ್, ಬದಿಯಡ್ಕ:

ದೇವಿ ಮಹಾತ್ಮೆಯ ದಿನ ಎರಡನೆಯ ಆಟ ಬೇಡವೇ ಬೇಡ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮಹಿಷಾಸುರನ ಮುಖದ ಮೇಲೆ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಒಂದು ಸಾಲು ಒಣಗದೆ ಇನ್ನೊಂದಕ್ಕೆ ಕೈಹಾಕುವಂತಿಲ್ಲ. ನಿಮ್ಮ ಆಟ ಮೂರು ಗಂಟೆಯದಾದರೂ ಅವನ ಬಣ್ಣಕ್ಕೆ ಕಾಲಮಿತಿ ಇಲ್ಲ. ವ್ಯಾನು ಮಧ್ಯಾಹ್ನವೇ ಚೌಕಿ ಮುಟ್ಟಬೇಕು.

ಅತಿಥಿ ಕಲಾವಿದರು ಬೇಕೆಂದರೆ ಅವರ ಸಂಭಾವನೆ ವೀಳ್ಯದ ಮೇಲೆ ಬೇರೆಯೇ ಎಂದು ಹೇಳಿಬಿಡಿ. ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಕೊಡುತ್ತೇವೆ ಎಂದವರ ಆಟದಲ್ಲೂ ದೇವಿಯ ವೇಷವನ್ನು ನಿಮ್ಮ ಹುಡುಗನಿಗೇ ಉಳಿಸಿ. ವರ್ಷವಿಡೀ ಕಲಿತವನನ್ನು ಚೌಕಿಯ ಮೂಲೆಯಲ್ಲಿ ಕೂರಿಸಿದರೆ ಮರುವರ್ಷ ಅವನು ಬೇರೆ ಸಂಘದಲ್ಲಿರುತ್ತಾನೆ.