ಇಟಾಲಿಯನ್‌ನಲ್ಲಿ ‘ಸೆ ಅವ್ರೇಯಿ’ ಯಾಕೆ ತಪ್ಪು?

ಪ್ರಶ್ನೆ: ಮೇಡಂ, ಇಟಾಲಿಯನ್ ಬಿ1 ಪರೀಕ್ಷೆಗೆ ಓದ್ತಿದ್ದೇನೆ. ‘ಟೈಮ್ ಇದ್ದಿದ್ದರೆ ಬರ್ತಿದ್ದೆ’ ಅನ್ನೋದಕ್ಕೆ ‘ಸೆ ಅವ್ರೇಯಿ ತೆಂಪೊ, ವೆರ್ರೇಯಿ’ ಅಂತ ಬರೆದೆ. ‘ಅವ್ರೇಯಿ’ಗೆ ಕೆಂಪು ಗೆರೆ ಬಿತ್ತು. ಷರತ್ತು ಇರೋದೇ ಅಲ್ಲಿ, ಹಾಗಿದ್ದ ಮೇಲೆ ಕೊಂದಿತ್ಸಿಯೊನಾಲೆ (‘ಷರತ್ತಿನ ರೂಪ’ ಅನ್ನೋ ಹೆಸರಿನ ಕ್ರಿಯಾರೂಪ) ಯಾಕೆ ಬರಲ್ಲ?

ಉತ್ತರ: ಹೆಸರು ನೋಡಿ ಮೋಸಹೋಗಬೇಡಿ. ಕೊಂದಿತ್ಸಿಯೊನಾಲೆ ಬರುವುದು ಷರತ್ತಿಗಲ್ಲ, ಅದರ ಫಲಕ್ಕೆ. ಕನ್ನಡದ ‘-ರೆ’ ಷರತ್ತಿಗೇ ಅಂಟುವುದರಿಂದ ನಮ್ಮ ಕೈ ಅಲ್ಲಿಗೇ ಹೋಗುತ್ತದೆ. (ಇಟಲಿಯ ಮಕ್ಕಳೂ ಶಾಲೆಯಲ್ಲಿ ಇದಕ್ಕೇ ಬೈಸಿಕೊಳ್ಳುತ್ತಾರೆ.) ‘ಸೆ’ (ಇಲ್ಲಿ ನಮ್ಮ ‘-ರೆ’) ಪಕ್ಕ ಕೊಂಜುಂತೀವೊ, ಅಂದರೆ ಊಹೆಯ ಮಾತಿಗೆ ಬಳಸುವ ಕ್ರಿಯಾರೂಪ, ಬರಬೇಕು: ‘ಸೆ ಅವೆಸ್ಸಿ ತೆಂಪೊ, ವೆರ್ರೇಯಿ’.

ಇದು ಈಗಿನ ಮಾತು. ನಿನ್ನೆಯ ಮಾತಾದರೆ ‘ಸೆ ಅವೆಸ್ಸಿ ಅವೂತೊ ತೆಂಪೊ, ಸರೇಯಿ ವೆನೂತೊ’. ಹೇಳುವವರು ಹೆಂಗಸಾದರೆ ‘ವೆನೂತಾ’. ಕನ್ನಡದ ‘ಇದ್ದಿದ್ದರೆ’ ಎರಡಕ್ಕೂ ನಡೆಯುತ್ತದೆ, ಅಲ್ಲಿ ನಡೆಯದು.

‘ಸೆ’ ಕಂಡಲ್ಲೆಲ್ಲ ಕೊಂದಿತ್ಸಿಯೊನಾಲೆ ನಿಷಿದ್ಧ ಅಂತಲೂ ಇಲ್ಲ. ‘ನೊನ್ ಸೊ ಸೆ ವೆರ್ರೆಬ್ಬೆ’ ಸರಿಯೇ: (ಕರೆದರೆ) ಬಂದಾನೋ ಇಲ್ಲವೋ ಗೊತ್ತಿಲ್ಲ. ಕನ್ನಡದಲ್ಲಿ ‘-ರೆ’ ಬಂದರೆ ಬೇಡ, ‘-ಓ’ ಬಂದರೆ ಆಗಬಹುದು.

ಪ್ರಶ್ನೆ: ರೂಪಗಳಲ್ಲೂ ಅಂಕ ಹೋಗ್ತಿದೆ. ‘ಕೊಂಪ್ರಾರೇಯಿ’, ‘ಪಾರ್ಲೆರೇಮೊ’ ಎರಡೂ ತಪ್ಪಂತೆ.

ಉತ್ತರ: ‘-ಆರೆ’ ಕ್ರಿಯಾಪದಗಳಲ್ಲಿ ‘ಆ’ ಹೋಗಿ ‘ಎ’ ಆಗುತ್ತದೆ: ಕೊಂಪ್ರೆರೇಯಿ. ದಾರೆ, ಸ್ತಾರೆ, ಫಾರೆ ಮಾತ್ರ ‘ಅ’ ಉಳಿಸಿಕೊಳ್ಳುತ್ತವೆ: ದರೇಯಿ, ಸ್ತರೇಯಿ, ಫರೇಯಿ. ‘ಪಾರ್ಲೆರೇಮೊ’ ಎಂದರೆ ‘ಮಾತಾಡುತ್ತೇವೆ’, ಭವಿಷ್ಯತ್ತು. ನಿಮಗೆ ಬೇಕಾದದ್ದು ‘ಪಾರ್ಲೆರೆಮ್ಮೊ’ (‘ಮಾತಾಡುತ್ತಿದ್ದೆವು’, ಷರತ್ತಿನ ಫಲ). ಬರೆಯುವಾಗ ಎರಡು ಎಮ್. ಹೇಳುವಾಗ ನಮ್ಮ ಒತ್ತಕ್ಷರದ ಹಾಗೇ ಒತ್ತಿ ಹೇಳಿ, ಕನ್ನಡದ ನಾಲಿಗೆಗೆ ಇದೇನು ಕಷ್ಟವಲ್ಲ. ಅನಿಯಮಿತ ಧಾತುಗಳನ್ನು ಬೇರೆಯಾಗಿ ಉರುಹೊಡೆಯಬೇಕಿಲ್ಲ. ಭವಿಷ್ಯತ್ತಿನ ಧಾತುವೇ ಇಲ್ಲಿಗೂ ಬರುತ್ತದೆ: ಅಂದ್ರೊ–ಅಂದ್ರೇಯಿ, ವೊರ್ರೊ–ವೊರ್ರೇಯಿ.

ಪ್ರಶ್ನೆ: ಪತ್ರಿಕೆಯಲ್ಲಿ ‘ಇಲ್ ಮಿನಿಸ್ತ್ರೊ ಸರೆಬ್ಬೆ ಮಲಾತೊ’ ಅಂತ ಓದಿದೆ. ಇಲ್ಲಿ ಷರತ್ತೇ ಇಲ್ಲವಲ್ಲ?

ಉತ್ತರ: ಅದು ನಮ್ಮ ‘ಅಂತೆ’. ಮಂತ್ರಿಗೆ ಹುಷಾರಿಲ್ಲವಂತೆ, ಪತ್ರಿಕೆ ಖಾತ್ರಿ ಕೊಡುತ್ತಿಲ್ಲ. ‘ಎ ಮಲಾತೊ’ ಎಂದು ಬರೆದಿದ್ದರೆ ಹೊಣೆ ಪತ್ರಿಕೆಯದೇ. ಅನುವಾದದಲ್ಲಿ ‘ಅಂತೆ’ ಬಿಟ್ಟರೆ ವದಂತಿಯೇ ಸುದ್ದಿಯಾಗಿಬಿಡುತ್ತದೆ.

ಪರೀಕ್ಷೆಗೆ ಇನ್ನೊಂದು: ‘ಬರುತ್ತೇನೆ ಅಂದಿದ್ದ’ ಎನ್ನಲು ‘ಆ ದೆತ್ತೊ ಕೆ ವೆರ್ರೆಬ್ಬೆ’ ಬರೆಯಬೇಡಿ, ‘ಸರೆಬ್ಬೆ ವೆನೂತೊ’ ಬರೆಯಿರಿ. ಆಮೇಲೆ ಅವನು ಬಂದನೋ ಬಿಟ್ಟನೋ, ರೂಪ ಅದೇ.