ಪದಚರ್ಚೆ: ಸಾಲ್ಪೆತ್ರಿಯೇರ್ ‘ಜನರಲ್ ಆಸ್ಪತ್ರೆ’ಯೇ?

ಪ್ರಶ್ನೆ: ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ (ಇಂದು ಆಸ್ಪತ್ರೆ) ಚರಿತ್ರೆಯ ಅನುವಾದದಲ್ಲಿ 1656ರ ‘ಓಪಿತಾಲ್ ಜೆನೆರಾಲ್’ಗೆ ‘ಜನರಲ್ ಆಸ್ಪತ್ರೆ’, 1838ರ ಕಾಯಿದೆಯ ‘ಅಜಿಲ್’ಗೆ ‘ಹುಚ್ಚಾಸ್ಪತ್ರೆ’, ‘ಪ್ಲಾಸ್‌ಮಾಂ ವೊಲೊಂತೇರ್’ಗೆ ‘ಸ್ವಯಂ ದಾಖಲಾತಿ’ ಎಂದು ಬಳಸಿದ್ದೇನೆ. ಸರಿಯೇ? ಊರ ಹೆಸರಿನಂತಿರುವ ‘ಸಾಲ್ಪೆತ್ರಿಯೇರ್’ಗೆ ಅರ್ಥವೇನು? ಬಲ್ಲವರು ತಿಳಿಸಬೇಕು.

ಉತ್ತರ: ಮೂರನ್ನೂ ಬದಲಿಸಿ. ಮೂರನೆಯದನ್ನಂತೂ ಖಂಡಿತ ಉಳಿಸಬೇಡಿ.

ಹೆಸರು ಬಂದಿರುವುದು ಕೋವಿಮದ್ದಿಗೆ ಬೇಕಾದ ಲವಣ ಪೆಟ್ಲುಪ್ಪಿನಿಂದ. ಹದಿಮೂರನೆಯ ಲೂಯಿಯ ಕಾಲದಲ್ಲಿ ಅಲ್ಲಿ ಕೋವಿಮದ್ದು ತಯಾರಾಗುತ್ತಿತ್ತು. ಶ್ರೀರಂಗಪಟ್ಟಣದ ಕೋವಿಮದ್ದಿನ ಉಗ್ರಾಣಗಳ ನೆನಪಿನಲ್ಲಿ ‘ಮದ್ದಿನಮನೆ’ ಎಂದು ಬರೆದೀರಿ. ಆಸ್ಪತ್ರೆಯ ಚರಿತ್ರೆ ಓದುವವರು ಅದನ್ನು ಔಷಧದ ಮನೆ ಎಂದೇ ತಿಳಿಯುತ್ತಾರೆ. ‘ಕೋವಿಮದ್ದಿನ ಕಾರ್ಖಾನೆ’ ಎಂದು ಬಿಡಿಸಿ ಹೇಳುವುದೇ ಲೇಸು.

1656ರಲ್ಲಿ ಹದಿನಾಲ್ಕನೆಯ ಲೂಯಿ ಹೊರಡಿಸಿದ ಶಾಸನ ಪ್ಯಾರಿಸ್ಸಿನ ಬಡವರನ್ನೂ ಭಿಕ್ಷುಕರನ್ನೂ ಹಿಡಿದು ಕೂಡಿಹಾಕಲು ಮಾಡಿದ ಏರ್ಪಾಡು. ಗಂಡಸರಿಗೆ ಬಿಸೇತ್ರ್, ಹೆಂಗಸರಿಗೆ ಸಾಲ್ಪೆತ್ರಿಯೇರ್. ನಿರ್ದೇಶಕರಿಗೆ ಕಟ್ಟುವ ಕಂಬ, ಕಬ್ಬಿಣದ ಕೊರಳಪಟ್ಟಿ, ಸೆರೆಮನೆ, ನೆಲಮಾಳಿಗೆಯ ಕತ್ತಲಕೋಣೆ ಇಟ್ಟುಕೊಳ್ಳುವ ಅಧಿಕಾರವಿತ್ತು. ಒಳಗಿದ್ದವರು ಕಾಯಿಲೆ ಬಿದ್ದರೆ ಓತೆಲ್ ದ್ಯೂ ಆಸ್ಪತ್ರೆಗೆ ಸಾಗಿಸುತ್ತಿದ್ದರು! ಅಂಥ ಜಾಗಕ್ಕೆ ‘ಜನರಲ್ ಆಸ್ಪತ್ರೆ’ ಎಂದರೆ ಓದುಗರ ಕಣ್ಣಿಗೆ ಹೊರರೋಗಿಗಳ ಸಾಲು ಬರುತ್ತದೆ. ‘ನಿರ್ಗತಿಕರ ಬಂಧನಗೃಹ’ ಎನ್ನಿ. ಮೊದಲ ಸಲ ಮೂಲ ಹೆಸರನ್ನೂ ಕೊಡಿ.

‘ಅಜಿಲ್’ ಎಂಬುದು ಫ್ರೆಂಚ್ ಮನೋವೈದ್ಯ ಎಸ್ಕಿರೋಲ್ ಬೇಕೆಂದೇ ಆರಿಸಿದ ಮೃದುವಾದ ಮಾತು. ಹಳೆಯ ಹೆಸರುಗಳಿಗೆ ಅಂಟಿದ ಭಯ ಹೋಗಲಿ ಎಂಬುದು ಅವರ ಆಸೆ. ‘ಹುಚ್ಚಾಸ್ಪತ್ರೆ’ ಅದನ್ನೇ ಅಳಿಸಿಹಾಕುತ್ತದೆ. ‘ಮನೋರೋಗಿಗಳ ಆಶ್ರಯಧಾಮ’ ಹೊಂದುತ್ತದೆ. ಫ್ರಾನ್ಸಿನಲ್ಲಿ 1937ರಲ್ಲಿ ‘ಅಜಿಲ್’ ಹೋಗಿ ‘ಮಾನಸಿಕ ಆಸ್ಪತ್ರೆ’ ಎಂಬರ್ಥದ ಹೆಸರು ಬಂತು. (ಬೆಂಗಳೂರಿನಲ್ಲಿ ಇಂಥ ಬದಲಾವಣೆ 1925ರಲ್ಲೇ ಆಗಿತ್ತು.) 1937ಕ್ಕೆ ಮುಂಚಿನ ಕಾಲದ ಪುಟಗಳಲ್ಲಿ ‘ಮಾನಸಿಕ ಆಸ್ಪತ್ರೆ’ ಬರದಂತೆ ನೋಡಿಕೊಳ್ಳಿ.

ಇನ್ನು ‘ವೊಲೊಂತೇರ್’. ಇಲ್ಲಿ ಇಚ್ಛೆ ರೋಗಿಯದಲ್ಲ, ಸೇರಿಸುವವರದು. 1838ರ ಜೂನ್ 30ರ ಕಾಯಿದೆಯ ಪ್ರಕಾರ ಬೇರೊಬ್ಬರ, ಸಾಮಾನ್ಯವಾಗಿ ಮನೆಯವರ, ಅರ್ಜಿ ಬೇಕು. ಜೊತೆಗೆ 15 ದಿನಕ್ಕಿಂತ ಹಳೆಯದಲ್ಲದ ವೈದ್ಯರ ಸರ್ಟಿಫಿಕೇಟು, ರೋಗಿಯ ಗುರುತಿನ ಕಾಗದ. ಆ ವೈದ್ಯರು ಅದೇ ಸಂಸ್ಥೆಯವರಾಗಿರಕೂಡದು. ಪ್ರಿಫೆಕ್ಟರ (ಪ್ರಾಂತದ ಸರ್ಕಾರಿ ಅಧಿಕಾರಿಯ) ಆದೇಶದಿಂದ ಸೇರಿಸುವ ‘ಪ್ಲಾಸ್‌ಮಾಂ ದೋಫೀಸ್’ ಬೇರೆ. ‘ಸ್ವಯಂ ದಾಖಲಾತಿ’ ಎಂದರೆ ಹೆಂಗಸರು ತಾವಾಗಿಯೇ ಬಂದು ಸೇರಿದರೆಂದು ಅರ್ಥವಾಗಿ ಚರಿತ್ರೆಯೇ ತಲೆಕೆಳಗಾಗುತ್ತದೆ. ‘ಅನ್ಯರ ಅರ್ಜಿಯ ಮೇಲಿನ ದಾಖಲಾತಿ’, ‘ಸರ್ಕಾರಿ ಆದೇಶದ ದಾಖಲಾತಿ’ ಎಂದು ಜೋಡಿಯಾಗಿ ಬಳಸಿ. 1990ರವರೆಗೂ ಇದೇ ಕಾಯಿದೆ ಚಾಲ್ತಿಯಲ್ಲಿದ್ದುದರಿಂದ 20ನೇ ಶತಮಾನದ ಅಧ್ಯಾಯಗಳಲ್ಲೂ ಈ ಪದಗಳು ಎದುರಾಗುತ್ತವೆ.

ವೈದ್ಯ ಪಿನೆಲ್ ಮನೋರೋಗಿಗಳ ಸರಪಳಿ ಕಳಚಿದ ಪ್ರಸಂಗ ಬಂದಾಗ ‘ಬಂಧಮುಕ್ತಗೊಳಿಸಿದರು’ ಎನ್ನಬೇಡಿ, ‘ಸರಪಳಿ ತೆಗೆಸಿದರು’ ಎಂದರೆ ಸಾಕು. ಬಿಸೇತ್ರ್ ವಿಷಯದಲ್ಲಿ ಅದೂ ಪಿನೆಲರಿಗೆ ಸಲ್ಲದು: 1797ರಲ್ಲಿ ಬಿಸೇತ್ರ್‌ನಲ್ಲಿ ಸರಪಳಿ ತೆಗೆಸಿದ್ದು ಮೇಲ್ವಿಚಾರಕ ಪ್ಯುಸ್ಸಾಂ. ಪಿನೆಲ್ ಅಷ್ಟರಲ್ಲಿ ಸಾಲ್ಪೆತ್ರಿಯೇರ್‌ಗೆ ಬಂದಿದ್ದರು. ಸರಪಳಿ ಹೋದರೂ ಬಿಡುಗಡೆ ಸಿಗಲಿಲ್ಲ, ಅದರ ಜಾಗಕ್ಕೆ ತೋಳು ಬಿಗಿಯುವ ಅಂಗಿ ಬಂತು.